ಹಳೆಯ ಪಂಪ್ ಏರ್‌ಗನ್‌ಗಳ ಪುನಶ್ಚೇತನ

ಕೈಪಂಪಿನಿಂದ ಗಾಳಿಯನ್ನು ಒತ್ತಡದಲ್ಲಿ ಶೇಖರಿಸಿ ಗುಂಡು ಹಾರಿಸುವ ಹಳೆಯ ಬಂದೂಕುಗಳನ್ನು ದುರಸ್ತಿಪಡಿಸಿ ಸುಸ್ಥಿತಿಯಲ್ಲಿಡುವುದು ಒಂದು ಹವ್ಯಾಸ. ಅಮೆರಿಕದ ಬೆಂಜಮಿನ್, ಕ್ರಾಸ್‌ಮನ್ ಮತ್ತು ಶೆರಿಡನ್ ಕಂಪನಿಗಳು 20ನೆಯ ಶತಮಾನದಲ್ಲಿ ತಯಾರಿಸಿದ ಮಾದರಿಗಳು ಇದರಲ್ಲಿ ಪ್ರಮುಖವಾಗಿವೆ.

ದೋಷಗಳು ಮತ್ತು ದುರಸ್ತಿ

ಸೈಕಲ್ ಪಂಪಿನಲ್ಲಿರುವಂತೆ ಇದರ ಪಿಸ್ಟನ್ ತುದಿಯಲ್ಲೂ ವಾಷರ್ ಇರುತ್ತದೆ. ಹಳೆಯ ಮಾದರಿಗಳಲ್ಲಿ ಅದು ಚರ್ಮದ್ದು. ಚರ್ಮ ಒಣಗಿದರೆ ಪಂಪ್ ಮಾಡುವಾಗ ಬಿಗಿ ಇರುವುದಿಲ್ಲ. ಅಂತಹ ವಾಷರನ್ನು ಎಣ್ಣೆಯಲ್ಲಿ ನೆನೆಸಿ ಮೆದುಗೊಳಿಸಬಹುದು, ಸವೆದಿದ್ದರೆ ಬದಲಿಸಬೇಕು. ಪಂಪ್ ಬಿಗಿಯಾಗಿದ್ದರೂ ಗಾಳಿ ನಿಲ್ಲದಿದ್ದರೆ ದೋಷವು ಸಾಮಾನ್ಯವಾಗಿ ಕವಾಟದಲ್ಲಿರುತ್ತದೆ. ತಯಾರಕರು ಸೂಚಿಸಿದ ಸಂಖ್ಯೆಗಿಂತ ಹೆಚ್ಚು ಬಾರಿ ಪಂಪ್ ಮಾಡಿದರೆ ಭಾಗಗಳು ಹಾನಿಗೊಳ್ಳುತ್ತವೆ. ಮೂಲ ಲೇಪನವನ್ನು ಉಜ್ಜಿ ತೆಗೆದರೆ ಸಂಗ್ರಹಮೌಲ್ಯ ಕುಗ್ಗುತ್ತದೆ.

ಸಂರಕ್ಷಣೆ ಮತ್ತು ಸುರಕ್ಷತೆ

ಕವಾಟವು ಮುಚ್ಚಿರಲೆಂದು ಹಲವು ಮಾದರಿಗಳನ್ನು ಒಂದು ಪಂಪಿನಷ್ಟು ಗಾಳಿ ತುಂಬಿಸಿಯೇ ಇಡುವ ರೂಢಿಯಿದೆ. ಬಂದೂಕನ್ನು ಕಾಪಾಡುವ ಈ ಕ್ರಮವೇ ಅಪಾಯಕ್ಕೂ ಕಾರಣವಾಗಬಲ್ಲದು: ನಳಿಕೆಯಲ್ಲಿ ಗುಂಡು ಉಳಿದಿದ್ದರೆ ಅದು ಹಾರಬಹುದು. ಆದ್ದರಿಂದ ಬಿಚ್ಚುವ ಮೊದಲು ನಳಿಕೆಯನ್ನು ಪರೀಕ್ಷಿಸಿ, ಸುರಕ್ಷಿತ ದಿಕ್ಕಿನಲ್ಲಿ ಗಾಳಿಯನ್ನು ಸಂಪೂರ್ಣ ಹೊರಬಿಡಬೇಕು.

ಕಾನೂನು

ಭಾರತದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳಂತೆ, 20 ಜೌಲ್ ಶಕ್ತಿಯನ್ನು ಅಥವಾ 0.177 ಅಂಗುಲ (ಸುಮಾರು 4.5 ಮಿ.ಮೀ.) ಬೋರನ್ನು ಮೀರಿದ ಏರ್‌ಗನ್‌ಗೆ ಪರವಾನಗಿ ಅಗತ್ಯ. 5 ಮಿ.ಮೀ. ಬೋರಿನ ಶೆರಿಡನ್ ಬಂದೂಕುಗಳು ಈ ಮಿತಿಯನ್ನು ಮೀರುತ್ತವೆ.