ಇಳಿಜಾರಿನಲ್ಲಿ ಎಡಗೈ ಕ್ಲಚ್

ಕಳೆದ ಅಕ್ಟೋಬರಿನಲ್ಲಿ ಒಂದು ದಿನ ಆಫೀಸಿನ ಮೀಟಿಂಗ್ ನಡೆಯುತ್ತಿದ್ದಾಗ ಅಪ್ಪಯ್ಯನ ಫೋನ್ ಬಂತು. ಕೆಲಸದ ಹೊತ್ತಿನಲ್ಲಿ ಅವರು ಫೋನ್ ಮಾಡೋರೇ ಅಲ್ಲ. ಗಾಬರಿಯಲ್ಲಿ ಹೊರಗೆ ಬಂದು ಎತ್ತಿದರೆ, "ಮಾರಾಯ, ನೀ ಕೊಡಿಸಿದ ಪೆಟ್ರೋಲ್ ಟಿಲ್ಲರ್ ಸ್ಟಾರ್ಟೇ ಆಗ್ತಿಲ್ಲ. ಏರ್ ಹಿಡಿದಿರಬೇಕು. ಎಲ್ಲಿ ತೆಗೆಯೋದು ಅಂತಲೇ ಗೊತ್ತಾಗ್ತಿಲ್ಲ" ಅಂದರು.

ನನಗೆ ನಗು ಬಂತು, ಆಮೇಲೆ ಸ್ವಲ್ಪ ಬೇಜಾರೂ ಆಯ್ತು. 'ಏರ್ ಹಿಡಿಯೋದು' ಡೀಸೆಲ್ ಎಂಜಿನ್ನಿನ ಕಾಯಿಲೆ. ಟ್ಯಾಂಕ್ ಖಾಲಿಯಾದಾಗ ಪೈಪಿನೊಳಗೆ ಗಾಳಿ ಸೇರುತ್ತೆ, ನಟ್ ಸಡಿಲಿಸಿ ಗುಳ್ಳೆ ಹೋಗುವ ತನಕ ಡೀಸೆಲ್ ಹರಿಸಬೇಕು. ಇಪ್ಪತ್ತು ವರ್ಷ ಡೀಸೆಲ್ ಟಿಲ್ಲರಿನ ಹಿಂದೆ ನಡೆದ ಅಪ್ಪಯ್ಯನಿಗೆ ಅದು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಅಡಿಕೆ ತೋಟದ ಸಾಲುಗಳ ನಡುವೆ ಓಡಾಡಲಿ ಅಂತ ನಾನು ಕೊಡಿಸಿದ ಪುಟ್ಟ ಪೆಟ್ರೋಲ್ ಯಂತ್ರದಲ್ಲಿ ಮಾತ್ರ ಆ ವಿದ್ಯೆ ನಡೆಯೋದಿಲ್ಲ. ಯಂತ್ರ ಬದಲಾದಾಗ ಅದರ ಜೊತೆ ಬರಬೇಕಾದ ತಿಳಿವಳಿಕೆ ಯಾಕೋ ಹಿಂದೆಯೇ ಉಳಿದುಬಿಡುತ್ತೆ. ನಮ್ಮನೆಯಲ್ಲಿ ಹಾಗಾಗಿದ್ದು ಇದು ಎರಡನೇ ಸಲ. ಮೊದಲ ಸಲದ್ದನ್ನು ಹೇಳೋಕೆ ಟಿಲ್ಲರಿನ ಚರಿತ್ರೆಯನ್ನೇ ಸ್ವಲ್ಪ ಹೇಳಬೇಕಾಗುತ್ತೆ.

ನೇಗಿಲು ಎಳೆಯುವ ಸಾಧನ. ಎತ್ತಿರಲಿ, ಟ್ರ್ಯಾಕ್ಟರ್ ಇರಲಿ, ಮುಂದೆ ಒಂದು ಎಳೀಬೇಕು, ಹಿಂದೆ ಇನ್ನೊಂದು ಸೀಳಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಗಿಲ್ಗಾಂಡ್ರಾ ಅಂತ ಒಂದು ಊರಿದೆ. ಅದರ ಹತ್ತಿರದ ರೈತರೊಬ್ಬರ ಮಗ ಆರ್ಥರ್ ಕ್ಲಿಫರ್ಡ್ ಹೋವರ್ಡ್, 1893ರಲ್ಲಿ ಹುಟ್ಟಿದವನು. ಎಂಜಿನಿಯರಿಂಗ್ ಕೆಲಸ ಕಲಿಯುತ್ತಿದ್ದ ಈ ಹುಡುಗನಿಗೆ 1912ರ ಹೊತ್ತಿಗೆ ಬೇರೆಯೇ ಒಂದು ಯೋಚನೆ ಬಂತು. ಎಂಜಿನ್ನಿನ ಶಕ್ತಿಯನ್ನು ಎಳೆಯೋಕೆ ಬಳಸೋ ಬದಲು ನೇರವಾಗಿ ಮಣ್ಣಿಗೇ ಕೊಟ್ಟರೆ ಹೇಗೆ? ಅಪ್ಪನ ಸ್ಟೀಮ್ ಟ್ರ್ಯಾಕ್ಟರಿನಿಂದ ಶಕ್ತಿ ತೆಗೆದು, ತಿರುಗುವ ಅಲಗುಗಳಿಂದ ಮಣ್ಣು ಕೊಚ್ಚಿಸಿ ನೋಡಿದ. ಮಣ್ಣೇನೋ ಪುಡಿಯಾಯ್ತು, ಆದರೆ ಅಕ್ಕಪಕ್ಕಕ್ಕೆ ಚಿಮ್ಮಿಹೋಯ್ತು.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಮೊದಲ ವರ್ಶನ್ನಿನಲ್ಲಿ ಬಗ್ ಇತ್ತು. ಅದಕ್ಕೆ ಅವನು ಕಂಡುಕೊಂಡ ಪರಿಹಾರ ಸರಳ. ಅಲಗನ್ನು ಇಂಗ್ಲಿಷಿನ 'ಎಲ್' ಅಕ್ಷರದ ಹಾಗೆ ಬಗ್ಗಿಸಿ, ಸಣ್ಣ ವ್ಯಾಸದ ರೋಟರಿಗೆ ಸಾಕಷ್ಟು ಅಂತರ ಬಿಟ್ಟು ಜೋಡಿಸಿದ. ಮಣ್ಣು ಇದ್ದಲ್ಲೇ ಸಡಿಲವಾಗಿ ಬಿತ್ತು. ನಡುವೆ ಮೊದಲ ಮಹಾಯುದ್ಧ ಬಂದು ಕೆಲಸ ನಿಂತಿತು. 1920ರಲ್ಲಿ ಪೇಟೆಂಟ್ ಪಡೆದ, 1922ರಲ್ಲಿ ಕಂಪನಿ ಕಟ್ಟಿದ, 1938ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ 'ರೋಟರಿ ಹೋಸ್' ಕಂಪನಿ ಶುರು ಮಾಡಿದ. ಇವತ್ತು ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇರುವ 'ರೋಟವೇಟರ್' ಅನ್ನೋ ಹೆಸರು ಹೋವರ್ಡನ ಯಂತ್ರದ್ದೇ. ಸಣ್ಣ ತೋಟದ ಟಿಲ್ಲರುಗಳಲ್ಲಿ ಇವತ್ತಿಗೂ ಆ ಎಲ್ ಅಲಗು ತಿರುಗುತ್ತಿದೆ.

ಆದರೆ ಹಿಡಿಕೆ ಹಿಡಿದು ಹಿಂದೆ ನಡೆಯುವ ಟಿಲ್ಲರ್ ನಿಜವಾಗಿ ಮನೆಮಾತಾಗಿದ್ದು ಜಪಾನಿನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಿಂದ, ಅಲ್ಲಿ ಭೂಸುಧಾರಣೆ ನಡೆದು ಗೇಣಿದಾರರು ಜಮೀನಿನ ಒಡೆಯರಾದರು. ಒಬ್ಬೊಬ್ಬರಿಗೆ ಇದ್ದದ್ದು ಎರಡು ಎರಡೂವರೆ ಎಕರೆ, ಅದೂ ತುಂಡು ತುಂಡು ಗದ್ದೆ. ಅಲ್ಲಿ ಟ್ರ್ಯಾಕ್ಟರ್ ಇಳಿದರೆ ತಿರುಗಿಸೋಕೂ ಜಾಗ ಇಲ್ಲ. 1950ರ ದಶಕದಲ್ಲಿ ಟಿಲ್ಲರ್ ಆ ಗದ್ದೆಗಳ ಅಳತೆಗೆ ಸರಿಯಾಗಿ ಬೆಳೆಯಿತು. ಕೆಸರಿನಲ್ಲಿ ಹುಲ್ಲು, ಕೂಳೆ ಸುತ್ತಿಕೊಳ್ಳದೆ ಜಾರಿಹೋಗಲಿ ಅಂತ ಅಲಗನ್ನು ಕತ್ತಿಯ ಹಾಗೆ ಬಾಗಿಸಿದರು. 1959ರಲ್ಲಿ ಹೊಂಡಾ ಕಂಪನಿ ಕೂಡ ಎಫ್150 ಅನ್ನೋ ಚಿಕ್ಕ ಪೆಟ್ರೋಲ್ ಟಿಲ್ಲರ್ ತಂದಿತು. ನಾನು ಅಪ್ಪಯ್ಯನಿಗೆ ಕೊಡಿಸಿದ್ದು ಅದೇ ಜಾತಿಯ ಯಂತ್ರ.

ಅಲ್ಲಿಂದ ಕರ್ನಾಟಕಕ್ಕೆ ಬಂದ ದಾರಿಯ ಒಂದು ತುದಿಯನ್ನು ನಿಮ್ಮಲ್ಲಿ ಸುಮಾರು ಜನ ದಿನಾ ನೋಡ್ತೀರಿ. ವೈಟ್‌ಫೀಲ್ಡ್ ರಸ್ತೆಯ ಟ್ರಾಫಿಕ್ಕಿನಲ್ಲಿ ಮಹದೇವಪುರ ದಾಟುವಾಗ 'ವಿಎಸ್‌ಟಿ' ಅನ್ನೋ ಬೋರ್ಡ್ ಕಂಡಿರಬಹುದು. 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಶುರುವಾದ ವಿಎಸ್‌ಟಿ ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಕಂಪನಿ ಅದು. ಪಕ್ಕದ ಕೇರಳದಲ್ಲಿ 1973ರಲ್ಲಿ ಸರ್ಕಾರಿ ಸಂಸ್ಥೆ ಕ್ಯಾಮ್ಕೊ ಶುರುವಾಗಿ ಕುಬೋಟಾ ತಂತ್ರಜ್ಞಾನದ ಟಿಲ್ಲರ್ ತಯಾರಿಸಿತು. ನಮ್ಮಲ್ಲಿ ದೇವರಾಜ ಅರಸು ಕಾಲದ ಭೂಸುಧಾರಣೆ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ನಮ್ಮಜ್ಜ ಗೇಣಿ ಮಾಡುತ್ತಿದ್ದ ಎರಡೂವರೆ ಎಕರೆ ಗದ್ದೆ ನಮ್ಮದಾಗಿದ್ದು ಆ ಕಾನೂನಿನಿಂದ. ಜಪಾನಿನ ಹಾಗೆ ಇಲ್ಲೂ ಉಳುವವನ ಕೈಗೆ ಸಣ್ಣ ಹಿಡುವಳಿ ಬಂತು, ಅದಕ್ಕೆ ತಕ್ಕ ಯಂತ್ರವೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಂತು. ಆದರೆ ಯಂತ್ರ ಕೊಳ್ಳುವ ದುಡ್ಡು ನಮ್ಮನೆಗೆ ಬರೋಕೆ ಇನ್ನೂ ಇಪ್ಪತ್ತೆಂಟು ವರ್ಷ ಹಿಡಿಯಿತು.

ನಾನಾಗ ಏಳನೇ ಕ್ಲಾಸು. ಎತ್ತುಗಳಿಗೆ ವಯಸ್ಸಾಗಿತ್ತು, ಮುಯ್ಯಾಳು ಸಿಗೋದು ಕಷ್ಟವಾಗಿತ್ತು. ಅಪ್ಪಯ್ಯ ಎತ್ತು ಮಾರಿ, ಸೊಸೈಟಿ ಸಾಲ ಸೇರಿಸಿ, ಸೆಕೆಂಡ್ ಹ್ಯಾಂಡ್ ಡೀಸೆಲ್ ಟಿಲ್ಲರ್ ತಂದರು. ಮಾರಿದವರು ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡೋದು, ಗೇರ್ ಹಾಕೋದು, ಬೆಲ್ಟ್ ಬಿಗಿ ಮಾಡೋದು ತೋರಿಸಿ ಹೋದರು. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಅದರಲ್ಲೂ ಅರ್ಧ ಹಾಳೆ ಇರಲಿಲ್ಲ.

ಟಿಲ್ಲರಿಗೆ ಸ್ಟೀರಿಂಗ್ ಇರೋದಿಲ್ಲ. ಎರಡು ಹಿಡಿಕೆಯ ಕೆಳಗೆ ಒಂದೊಂದು ಕ್ಲಚ್ ಇರುತ್ತೆ. ಎಡಗೈ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ಎಂಜಿನ್ನಿನ ಸಂಬಂಧ ತಪ್ಪುತ್ತೆ, ಬಲ ಚಕ್ರ ಮಾತ್ರ ಓಡುತ್ತೆ, ಗಾಡಿ ಎಡಕ್ಕೆ ತಿರುಗುತ್ತೆ. ಸಮತಟ್ಟು ನೆಲದಲ್ಲಿ ಇದು ಸರಿ. ಇಳಿಜಾರಿನಲ್ಲಿ ಇಳಿಯುವಾಗ ಲೆಕ್ಕ ಉಲ್ಟಾ. ಅಲ್ಲಿ ಗಾಡಿಯನ್ನು ಮುಂದೆ ತಳ್ಳೋದು ಅದರದ್ದೇ ಭಾರ, ಎಂಜಿನ್ ಮಾಡೋದು ತಡೆಯುವ ಕೆಲಸ. ಆಗ ಎಡ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ತಡೆಯೇ ಇರೋದಿಲ್ಲ, ಅದು ಮುಂದೆ ಓಡುತ್ತೆ. ಬಲ ಚಕ್ರ ಹಿಂದೆ ಉಳಿಯುತ್ತೆ. ಎಡಕ್ಕೆ ಹೋಗಬೇಕಾದ ಗಾಡಿ ಬಲಕ್ಕೆ ನುಗ್ಗುತ್ತೆ.

ಎರಡನೇ ಮಳೆಗಾಲದಲ್ಲಿ ಅಪ್ಪಯ್ಯ ಹೂಟಿ ಮುಗಿಸಿ ಮೇಲಿನ ಗದ್ದೆಯಿಂದ ಇಳಿಸುತ್ತಿದ್ದರು. ಬಲಗಡೆ ಆಳುದ್ದದ ಧರೆ. ಗಾಡಿ ಸ್ವಲ್ಪ ಬಲಕ್ಕೆ ವಾಲಿತು ಅಂತ ಎಡ ಕ್ಲಚ್ ಹಿಡಿದರು. ಇನ್ನೂ ಬಲಕ್ಕೆ ಹೋಯ್ತು. ಇನ್ನೂ ಗಟ್ಟಿ ಹಿಡಿದರು. ಟಿಲ್ಲರ್ ಜೊತೆ ಅವರೂ ಕೆಳಗಿನ ಗದ್ದೆಗೆ ಬಿದ್ದರು. ಕೆಸರಿದ್ದದ್ದಕ್ಕೆ ಜೀವ ಉಳಿಯಿತು, ಬಲಗಾಲಿನ ಮೂಳೆ ಮುರಿಯಿತು. ಇವತ್ತಿಗೂ ಸ್ವಲ್ಪ ಕುಂಟುತ್ತಾರೆ.

"ಎತ್ತಾಗಿದ್ರೆ ನಿಲ್ತಿತ್ತು. ನನ್ನ ಕೈಯೇ ಸರಿ ಇಲ್ಲ" ಅಂತ ಅವರು ವರ್ಷಗಟ್ಟಲೆ ಹೇಳಿದ್ದನ್ನು ಕೇಳಿದ್ದೇನೆ. ಊರವರೂ ಅದನ್ನೇ ನಂಬಿದರು. ಬಿಇ ಮೂರನೇ ವರ್ಷದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ ಗೆಳೆಯನ ಹತ್ತಿರ ಸುಮ್ಮನೆ ಈ ಕಥೆ ಹೇಳಿದಾಗ ಅವನು ಕಾಗದದ ಮೇಲೆ ಎರಡು ಚಕ್ರ ಬರೆದು, ಐದು ನಿಮಿಷದಲ್ಲಿ ಇದನ್ನೆಲ್ಲ ವಿವರಿಸಿದ. ಆ ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ. ಗಿಲ್ಗಾಂಡ್ರಾದಲ್ಲಿ ಅಲಗು ಬಗ್ಗಿತು, ಜಪಾನಿನಲ್ಲಿ ಮತ್ತೆ ಬಾಗಿತು, ಎಂಜಿನ್ ಬದಲಾಯ್ತು, ಸಮುದ್ರ ದಾಟಿ ಬಂದು ನಮ್ಮ ಗದ್ದೆಗೂ ಇಳಿಯಿತು. 'ಇಳಿಜಾರಿನಲ್ಲಿ ಕೈ ಕ್ಲಚ್ ಹಿಡಿಯಬೇಡಿ' ಅನ್ನೋ ಒಂದು ಸಾಲು ಮಾತ್ರ ನಮ್ಮನೆ ತನಕ ಬಂದು ಮುಟ್ಟಲಿಲ್ಲ. ಆ ರಜೆಯಲ್ಲಿ ಊರಿಗೆ ಹೋಗಿ ಅಪ್ಪಯ್ಯನಿಗೆ ಅದೇ ಚಿತ್ರ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಹಂಗಾದ್ರೆ ತಪ್ಪು ನಂದಲ್ಲ" ಅಂತ ಮೆಲ್ಲಗೆ ಹೇಳಿ, ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

ಅಕ್ಟೋಬರಿನ ಫೋನ್ ಬಂದಾಗ ಇದೆಲ್ಲ ನೆನಪಾಯ್ತು. ಆ ಶನಿವಾರವೇ ಬಸ್ಸು ಹತ್ತಿದೆ.

ಪೆಟ್ರೋಲ್ ಎಂಜಿನ್ ಹತ್ತಲಿಲ್ಲ ಅಂದರೆ ಮೊದಲು ನೋಡಬೇಕಾದ್ದು ಮೂರು: ಪೆಟ್ರೋಲ್, ಕಿಡಿ, ಗಾಳಿ. ಪ್ಲಗ್ ಬಿಚ್ಚಿ ಒರೆಸಿದೆ, ಕಿಡಿ ಬರುತ್ತಿತ್ತು. ಏರ್ ಫಿಲ್ಟರಿನ ಸ್ಪಂಜಿನಲ್ಲಿ ಧೂಳಿರಲಿಲ್ಲ. ಉಳಿದದ್ದು ಪೆಟ್ರೋಲ್. ಕಾಕ್ ಬಂದ್ ಮಾಡಿ, ಕಾರ್ಬುರೇಟರಿನ ಬಟ್ಟಲಿನ ಕೆಳಗಿರುವ ಸ್ಕ್ರೂ ಸಡಿಲಿಸಿದರೆ ಹಳದಿ ಬಣ್ಣದ, ಹುಳಿ ವಾಸನೆಯ ಪೆಟ್ರೋಲ್ ಸುರಿಯಿತು, ತಳದಲ್ಲಿ ನೀರಿನ ಹನಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುತ್ತಾರೆ, ಎಥನಾಲ್ ಗಾಳಿಯ ತೇವ ಹೀರುತ್ತೆ. ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಸುಮ್ಮನೆ ನಿಂತ ಯಂತ್ರಕ್ಕೆ ಇನ್ನೇನಾಗುತ್ತೆ? ಟ್ಯಾಂಕ್ ಖಾಲಿ ಮಾಡಿ, ಜೆಟ್ಟಿನ ತೂತು ಸ್ವಚ್ಛ ಮಾಡಿ, ಹೊಸ ಪೆಟ್ರೋಲ್ ಹಾಕಿ, ಚೋಕ್ ಎಳೆದು ಹಗ್ಗ ಜಗ್ಗಿದೆ. ಮೂರನೇ ಸಲಕ್ಕೆ ಹತ್ತಿತು. ಅಪ್ಪಯ್ಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ನೋಡುತ್ತಿದ್ದರು.

ಮಧ್ಯಾಹ್ನ ಊಟ ಆದ ಮೇಲೆ ಕೊಟ್ಟಿಗೆ ಗೋಡೆಯ ಮೇಲೆ ಬಿಳಿ ಪೇಂಟಿನಲ್ಲಿ, ಕನ್ನಡದಲ್ಲಿ, ದೊಡ್ಡಕ್ಕೆ ಬರೆದೆ. ಡೀಸೆಲ್ ಟಿಲ್ಲರ್: ಇಳಿಜಾರು ಇಳಿಯುವಾಗ ಕೈ ಕ್ಲಚ್ ಹಿಡಿಯಬಾರದು, ಲೋ ಗೇರಿನಲ್ಲಿ ಹ್ಯಾಂಡಲ್ ತಳ್ಳಿಯೇ ತಿರುಗಿಸಬೇಕು, ನ್ಯೂಟ್ರಲ್ ಮಾಡಬಾರದು. ಪೆಟ್ರೋಲ್ ಟಿಲ್ಲರ್: ಕೆಲಸ ಮುಗಿದ ಮೇಲೆ ಕಾಕ್ ಬಂದ್ ಮಾಡಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಬೇಕು, ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಖಾಲಿ ಮಾಡಬೇಕು. ಎರಡಕ್ಕೂ: ಅಲಗಿಗೆ ಹುಲ್ಲು ಸುತ್ತಿಕೊಂಡರೆ ಎಂಜಿನ್ ನಿಲ್ಲಿಸದೆ ಕೈ ಹಾಕಬಾರದು.

ಅಪ್ಪಯ್ಯ ಓದಿ, "ಇನ್ನೊಂದು ಸೇರಿಸು, ಅಲಗಿನ ಬೋಲ್ಟ್ ದಿನಾ ಬೆಳಿಗ್ಗೆ ಬಿಗಿ ಮಾಡ್ಬೇಕು" ಅಂದರು. ಸೇರಿಸಿದೆ.

ಈಗ ಡೀಸೆಲ್ ಟಿಲ್ಲರ್ ಓಡಿಸೋಕೆ ಪಕ್ಕದ ಕೇರಿಯ ಹುಡುಗನೊಬ್ಬ ಬರುತ್ತಾನೆ, ಹತ್ತೊಂಬತ್ತು ವರ್ಷ. ಮೊನ್ನೆ ಅಮ್ಮ ಫೋನಿನಲ್ಲಿ ಹೇಳಿದರು. ಅವನು ಬಂದ ಮೊದಲ ದಿನ ಅಪ್ಪಯ್ಯ ಅವನನ್ನು ಗೋಡೆಯ ಮುಂದೆ ನಿಲ್ಲಿಸಿ, ಎಲ್ಲವನ್ನೂ ಎರಡು ಸಲ ಜೋರಾಗಿ ಓದಿಸಿ, ಆಮೇಲೇ ಸ್ಟಾರ್ಟ್ ಮಾಡುವ ಹ್ಯಾಂಡಲ್ ಅವನ ಕೈಗೆ ಕೊಟ್ಟರಂತೆ.