ಮಾಜಿ ದೇವದಾಸಿ ಮಹಿಳೆಯರ ಮಕ್ಕಳು: ಅರ್ಜಿಗಳಲ್ಲಿ ತಂದೆಯ ಹೆಸರು

ಹಿನ್ನೆಲೆ
ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿರುತ್ತವೆ. ದೇವದಾಸಿಯಾಗಿ ಸಮರ್ಪಿಸುವುದನ್ನು 1982ರ ಅಧಿನಿಯಮದ ಮೂಲಕ ನಿಷೇಧಿಸಲಾಯಿತು. 1993-94 ಹಾಗೂ 2007-08ರ ಸಮೀಕ್ಷೆಗಳಲ್ಲಿ ರಾಜ್ಯದಾದ್ಯಂತ 46,660 ಮಹಿಳೆಯರನ್ನು ಗುರುತಿಸಲಾಗಿತ್ತು.

ಯುವಜನರ ಬೇಡಿಕೆ
ಶಾಲಾ ದಾಖಲಾತಿಯಿಂದ ಉದ್ಯೋಗದವರೆಗೆ ತಂದೆಯ ಹೆಸರಿನ ಕಾಲಂ ಈ ಮಕ್ಕಳಿಗೆ ಅವಮಾನದ ಕಾರಣವಾಗುತ್ತಾ ಬಂದಿದೆ. ಖಾಲಿ ಬಿಟ್ಟರೆ ಎಲ್ಲರೆದುರು ವಿವರಣೆ ನೀಡಬೇಕು. ಸೋದರಮಾವನ ಹೆಸರು ಬರೆಸಿದರೆ ಮುಂದೆ ದಾಖಲೆಗಳು ತಾಳೆಯಾಗುವುದಿಲ್ಲ. ತಾಯಿಯ ಹೆಸರೇ ಸಾಕಾಗಬೇಕೆಂಬುದು ಅವರ ಬೇಡಿಕೆ.

ಲಭ್ಯವಿರುವ ಅವಕಾಶಗಳು
1. ಜನನ ಪ್ರಮಾಣಪತ್ರ: ಅವಿವಾಹಿತ ತಾಯಿಯ ಪ್ರಮಾಣಪತ್ರಿಕೆ (ಅಫಿಡವಿಟ್) ಸಾಕೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪು ನೀಡಿದೆ.
2. ಪಾಸ್‌ಪೋರ್ಟ್: ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕೆಂದು 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲಿಸಲಾಯಿತು.
3. ಪ್ಯಾನ್: ತಾಯಿ ಏಕೈಕ ಪೋಷಕರಾಗಿದ್ದಲ್ಲಿ ತಂದೆಯ ಹೆಸರು ಕಡ್ಡಾಯವಲ್ಲವೆಂಬ ನಿಯಮವು 5-12-2018ರಿಂದ ಜಾರಿಗೆ ಬಂದಿತು.
4. ರಾಜ್ಯದಲ್ಲಿ: ತಂದೆಯ ಹೆಸರು ನೀಡುವಂತೆ ಈ ಮಕ್ಕಳನ್ನು ಒತ್ತಾಯಿಸಬಾರದೆಂಬ ವಿಧೇಯಕವನ್ನು ವಿಧಾನಮಂಡಲವು 2025ರಲ್ಲಿ ಅಂಗೀಕರಿಸಿತು.

ಅರ್ಜಿದಾರರ ಗಮನಕ್ಕೆ
ಬೇರೊಬ್ಬರ ಹೆಸರನ್ನು ತಂದೆಯ ಹೆಸರಾಗಿ ಬರೆಸಬೇಕಾಗಿಲ್ಲ. ತಾಯಿಯ ಹೆಸರು ಎಲ್ಲ ದಾಖಲೆಗಳಲ್ಲಿಯೂ ಒಂದೇ ರೀತಿ ಇರುವಂತೆ ನೋಡಿಕೊಳ್ಳತಕ್ಕದ್ದು. ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯುವುದು ಸೂಕ್ತ.