ಕಂಪ್ಯೂಟರ್ ಕೊಳ್ಳುವ ಕಾಲ ಯಾವುದು?

‘ಈಗಲೇ ಕೊಳ್ಳುವುದೋ, ಇನ್ನಾರು ತಿಂಗಳು ಕಾಯುವುದೋ?’ ಬಳ್ಳಾರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರು, ಮದುವೆಯ ಆಲ್ಬಂ ಸಿದ್ಧಪಡಿಸುವ ಸ್ಟುಡಿಯೋದವರು, ಮನೆಯ ನಕ್ಷೆ ಬರೆಯುವ ಎಂಜಿನಿಯರುಗಳು, ಜೀನ್ಸ್ ಉಡುಪಿನ ಅಳತೆ ಗುರುತು ಹಾಕುವವರು, ಹೀಗೆ ಕಂಪ್ಯೂಟರನ್ನೇ ನಂಬಿ ಅನ್ನ ಉಣ್ಣುವವರೆಲ್ಲರ ಮುಂದೆ ಇರುವ ಪ್ರಶ್ನೆ ಇದು. ಮನೆಯಲ್ಲಿ ಸಿನಿಮಾ ನೋಡಲು ಕೊಳ್ಳುವ ಕಂಪ್ಯೂಟರಿನ ಮಾತು ಬೇರೆ. ವೃತ್ತಿಗೆಂದು ಕೊಳ್ಳುವ ಡೆಸ್ಕ್‌ಟಾಪ್‌ಗೆ ಸಣ್ಣ ಅಂಗಡಿಯವರು ಹಾಕುವುದು ಹಲವು ತಿಂಗಳ ಉಳಿತಾಯವನ್ನು, ಇಲ್ಲವೇ ಸಾಲ ತಂದ ಹಣವನ್ನು.

ಪ್ರಶ್ನೆ ಈಗ ಬಿಗಿಯಾಗಲು ಎರಡು ಕಾರಣಗಳಿವೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ‘ವಿಂಡೋಸ್ 10’ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹಳೆಯ ಯಂತ್ರಗಳಲ್ಲಿ ಅನೇಕವು ‘ವಿಂಡೋಸ್ 11’ ಕೇಳುವ ಅರ್ಹತೆಯನ್ನು ಮುಟ್ಟುವುದಿಲ್ಲ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಕಂಪ್ಯೂಟರಿನ ಮೆಮೊರಿ, ಅಂದರೆ ‘ರ‍್ಯಾಮ್’, ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳಿಗೆ ಮೆಮೊರಿ ಚಿಪ್ಪುಗಳು ಹರಿದುಹೋಗತೊಡಗಿದ್ದೇ ಇದಕ್ಕೆ ಮುಖ್ಯ ಕಾರಣ. ಹಳೆಯದನ್ನು ಇಟ್ಟುಕೊಳ್ಳುವಂತಿಲ್ಲ, ಹೊಸದನ್ನು ಮುಟ್ಟುವಂತಿಲ್ಲ ಎಂಬ ಇಕ್ಕಟ್ಟು ಹುಟ್ಟಿದ್ದು ಹೀಗೆ.

ಆದರೆ ಈ ಪ್ರಶ್ನೆ ಹೊಸದೇನಲ್ಲ. ಮೇಜಿನ ಮೇಲಿನ ಕಂಪ್ಯೂಟರಿಗೆ ಎಷ್ಟು ವಯಸ್ಸೋ ಈ ಪ್ರಶ್ನೆಗೂ ಅಷ್ಟೇ ವಯಸ್ಸು. ಹಿಂದೆ ಕಾದವರಿಗೆ ಏನಾಯಿತು, ಕಾಯದವರಿಗೆ ಏನಾಯಿತು ಎಂದು ನೋಡಿದರೆ ಇಂದಿನ ಲೆಕ್ಕ ಸ್ವಲ್ಪ ಸುಲಭವಾದೀತು.

ಕಾದರೆ ಅಗ್ಗ ಎಂಬ ನಂಬಿಕೆ

ಅಮೆರಿಕದ ಗಾರ್ಡನ್ ಮೂರ್ ಎಂಬ ತಜ್ಞರು 1965ರಲ್ಲಿ ಒಂದು ಲೇಖನ ಬರೆದರು. ಒಂದು ಚಿಪ್ಪಿನ ಮೇಲೆ ಕೂರಿಸಬಹುದಾದ ಬಿಡಿಭಾಗಗಳ ಸಂಖ್ಯೆ ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ ಎಂಬುದು ಅವರ ಅಂದಾಜು. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಈ ಅಂದಾಜು ದಶಕಗಳ ಕಾಲ ಹೆಚ್ಚುಕಡಿಮೆ ನಿಜವಾಯಿತು.

1981ರ ಆಗಸ್ಟ್‌ನಲ್ಲಿ ಐಬಿಎಂ ಕಂಪನಿ ಹೊರತಂದ ‘ಪಿಸಿ’ಯ ಆರಂಭದ ಬೆಲೆ 1,565 ಡಾಲರ್. ಅದರಲ್ಲಿದ್ದ ಮೆಮೊರಿ ಬರೀ 16 ಕಿಲೋಬೈಟ್. ಆ ಬೆಲೆಯಲ್ಲಿ ಪರದೆಯೂ ಇಲ್ಲ, ಫ್ಲಾಪಿ ಡ್ರೈವೂ ಇಲ್ಲ. ಇಂದು ಸಾಧಾರಣ ಎನಿಸುವ 8 ಗಿಗಾಬೈಟ್ ಮೆಮೊರಿ ಅದಕ್ಕಿಂತ ಐದು ಲಕ್ಷ ಪಟ್ಟಿಗೂ ಹೆಚ್ಚು!

ಭಾರತದಲ್ಲಿ ಕಾಯುವುದಕ್ಕೆ ಇನ್ನೊಂದು ಕಾರಣವಿತ್ತು. ಲೈಸೆನ್ಸ್ ಮತ್ತು ಆಮದು ಸುಂಕದ ಕಾಲ ಅದು. 1984ರ ನವೆಂಬರ್‌ನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ಪ್ರಕಟಿಸಿ ಬಿಗಿ ಸಡಿಲಿಸಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಸರಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು. ಅದರಂತೆ ಕಂಪ್ಯೂಟರುಗಳ ಮೇಲಿನ ಸುಂಕ ಹಂತಹಂತವಾಗಿ ಇಳಿದು 2005ರ ವೇಳೆಗೆ ಸೊನ್ನೆಗೆ ಬಂತು. ಇಂಥ ಕಾಲದಲ್ಲಿ ಬೆಳೆದವರಿಗೆ ‘ತಡೆದಷ್ಟೂ ಲಾಭ’ ಎಂಬ ಮಾತು ಗಾದೆಯಂತೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಕೊಳ್ಳುವವರು ಕಾದು ಕೂತರೆ ಮಾರುವವನ ಗತಿ ಏನು ಎಂಬುದಕ್ಕೂ ಒಂದು ಪ್ರಸಿದ್ಧ ನಿದರ್ಶನವಿದೆ. 1981ರಲ್ಲಿ ಅಮೆರಿಕದ ಆಸ್ಬೋರ್ನ್ ಕಂಪನಿ ಹೊತ್ತೊಯ್ಯಬಹುದಾದ ಕಂಪ್ಯೂಟರ್ ಮಾರಿ ಹೆಸರು ಮಾಡಿತು. ಅದರ ತೂಕ ಸುಮಾರು 11 ಕಿಲೋ! ಇದಕ್ಕಿಂತ ಉತ್ತಮ ಮಾದರಿ ಬರಲಿದೆ ಎಂಬ ಸುದ್ದಿಯನ್ನು ಕಂಪನಿ ಮೊದಲೇ ಹೊರಬಿಟ್ಟಿತು. ಹಳೆಯ ಮಾದರಿಯ ಮಾರಾಟ ಕುಸಿಯಿತು. 1983ರ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ದಿವಾಳಿಗೆ ಬೇರೆ ಕಾರಣಗಳೂ ಇದ್ದವೆಂದು ವಾದಿಸುವವರಿದ್ದಾರೆ. ಆದರೂ ‘ಆಸ್ಬೋರ್ನ್ ಪರಿಣಾಮ’ ಎಂಬ ಮಾತು ವ್ಯಾಪಾರದ ಪುಸ್ತಕಗಳಲ್ಲಿ ಉಳಿದುಹೋಯಿತು.

ಕಾದವರಿಗೂ ಬಿದ್ದ ದಂಡ

ಹಾಗಾದರೆ ಕಾಯುವುದೇ ಜಾಣತನವೇ? ಚರಿತ್ರೆ ಹಾಗೆನ್ನುವುದಿಲ್ಲ.

1991ರ ಜುಲೈ ತಿಂಗಳ ಮೊದಲ ಮೂರು ದಿನಗಳಲ್ಲಿ ಎರಡು ಕಂತುಗಳಲ್ಲಿ ರೂಪಾಯಿ ಅಪಮೌಲ್ಯವಾಯಿತು. ಡಾಲರಿನ ಬೆಲೆ ಸುಮಾರು 21 ರೂಪಾಯಿಯಿಂದ 26 ರೂಪಾಯಿಯ ಹತ್ತಿರಕ್ಕೆ ಹೋಯಿತು. ಕಂಪ್ಯೂಟರಿನ ಮುಖ್ಯ ಭಾಗಗಳು ಹೊರದೇಶದಿಂದ ಬರುವಂಥವು. ಅಮೆರಿಕದಲ್ಲಿ ಬೆಲೆ ಇಳಿದರೂ ಇಲ್ಲಿ ಏರಬಹುದು ಎಂಬುದಕ್ಕೆ ಇದು ಸಾಕ್ಷಿ.

1993ರ ಜುಲೈ 4ರಂದು ಜಪಾನಿನ ನಿಹಾಮಾ ಪಟ್ಟಣದ ಸುಮಿಟೊಮೊ ಕೆಮಿಕಲ್ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಚಿಪ್ಪುಗಳನ್ನು ಮುಚ್ಚಿ ಭದ್ರಪಡಿಸುವ ಒಂದು ಬಗೆಯ ಅಂಟುರಾಳದ ಬಹುಪಾಲು ಅಲ್ಲೇ ತಯಾರಾಗುತ್ತಿತ್ತು. ಸುದ್ದಿ ಹರಡುತ್ತಿದ್ದಂತೆ ಮೆಮೊರಿಯ ಬೆಲೆ ಏರಿತು. ಮುಂದೆ 1995ರ ಆಗಸ್ಟ್‌ನಲ್ಲಿ ‘ವಿಂಡೋಸ್ 95’ ಬಂದು ಬೇಡಿಕೆ ಹೆಚ್ಚಿಸಿತು. ಬೆಲೆ ದಡಕ್ಕನೆ ಕುಸಿದದ್ದು 1996ರಲ್ಲಿ. ‘ಇನ್ನೇನು ಇಳಿಯುತ್ತದೆ’ ಎಂದು 1993ರಲ್ಲಿ ಕೈಕಟ್ಟಿ ಕೂತವರು ಹೆಚ್ಚುಕಡಿಮೆ ಮೂರು ವರ್ಷ ಕೂರಬೇಕಾಯಿತು.

2011ರ ಕೊನೆಯಲ್ಲಿ ಥಾಯ್ಲೆಂಡಿನಲ್ಲಿ ಮಹಾಪೂರ ಬಂದು ಹಾರ್ಡ್ ಡಿಸ್ಕ್ ತಯಾರಿಸುವ ಕಾರ್ಖಾನೆಗಳು ಮುಳುಗಿದವು. ಕೆಲವೇ ವಾರಗಳಲ್ಲಿ ಹಾರ್ಡ್ ಡಿಸ್ಕ್ ದುಬಾರಿಯಾಯಿತು. 2025ರ ಮೆಮೊರಿ ಏರಿಕೆಯೂ ಇದೇ ಸಾಲಿಗೆ ಸೇರುವಂಥದು. ದೂರದ ಊರಿನ ಬೆಂಕಿ, ನೆರೆ, ಬೇಡಿಕೆಗಳು ಬಳ್ಳಾರಿಯ ಅಂಗಡಿಯ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತವೆ. ಇಂಥ ಏರಿಕೆಗಳು ಹಿಂದೆ ಇಳಿದಿವೆ, ನಿಜ. ಆದರೆ ಯಾವ ತಿಂಗಳು ಇಳಿಯುತ್ತವೆಂದು ಮೊದಲೇ ಹೇಳಬಲ್ಲ ಪಂಚಾಂಗ ಯಾರಲ್ಲೂ ಇರಲಿಲ್ಲ.

ಅವಸರಕ್ಕೂ ಬೆಲೆಯುಂಟು

ಎಲ್ಲರಿಗಿಂತ ಮೊದಲು ಕೊಂಡವರೂ ಪೆಟ್ಟು ತಿಂದಿದ್ದಾರೆ. 1993ರಲ್ಲಿ ಇಂಟೆಲ್ ಕಂಪನಿಯ ‘ಪೆಂಟಿಯಂ’ ಚಿಪ್ ಬಂತು. 1994ರಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಅದು ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರ ಕೊಡುವುದನ್ನು ಪತ್ತೆ ಹಚ್ಚಿದರು. ಕೊನೆಗೆ ಕಂಪನಿ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಲು ಒಪ್ಪಿತು. ಇದಕ್ಕಾಗಿ ಲೆಕ್ಕಪತ್ರದಲ್ಲಿ 47.5 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. ಹೊಸ ಮಾದರಿ ಬಂದ ದಿನವೇ ಕೊಳ್ಳದೆ, ಬೇರೆಯವರು ನಾಲ್ಕಾರು ತಿಂಗಳು ದುಡಿಸಿ ನೋಡಲಿ ಎಂದು ಬಿಡುವುದರಲ್ಲಿ ಅರ್ಥವಿದೆ.

ಪಹಣಿ ಕಲಿಸಿದ ಪಾಠ

ಯಂತ್ರದ ಬೆಲೆಗಿಂತ ಯಂತ್ರದ ಕೆಲಸ ದೊಡ್ಡದು ಎಂಬುದನ್ನು ತಿಳಿಯಲು ಹೊರದೇಶಕ್ಕೆ ಹೋಗಬೇಕಿಲ್ಲ. ನಮ್ಮ ರೈತರ ಕೈಯಲ್ಲಿರುವ ಪಹಣಿಯ ಕಥೆಯೇ ಸಾಕು.

ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೇಂದ್ರ ಸರ್ಕಾರದ ಪ್ರಾಯೋಗಿಕ ಯೋಜನೆ 1980ರ ದಶಕದ ಕೊನೆಗೆ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಆಗಿನ ಗುಲ್ಬರ್ಗ ಜಿಲ್ಲೆ. ಯಂತ್ರಗಳು ಬಂದವು, ಆದರೆ ರೈತನಿಗೆ ಪ್ರಯೋಜನ ಸಿಗಲಿಲ್ಲ. ಕಂಪ್ಯೂಟರ್ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಪಹಣಿ ಬರೆಯುತ್ತಿದ್ದವರು, ತಿದ್ದುತ್ತಿದ್ದವರು ಇದ್ದದ್ದು ಹಳ್ಳಿಯಲ್ಲಿ, ತಾಲ್ಲೂಕಿನಲ್ಲಿ. ಹಕ್ಕು ಬದಲಾದಂತೆ ಕಂಪ್ಯೂಟರಿನ ದಾಖಲೆ ಬದಲಾಗದಿದ್ದರೆ ಅದು ಹಳೆಯ ಕಾಗದವೇ ಆಗಿ ಉಳಿಯುತ್ತದೆ.

1990ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರ ಕೈಗೆತ್ತಿಕೊಂಡ ‘ಭೂಮಿ’ ಯೋಜನೆ ಈ ತಪ್ಪನ್ನು ತಿದ್ದಿತು. ಕಂಪ್ಯೂಟರ್ ತಾಲ್ಲೂಕು ಕಚೇರಿಗೇ ಬಂತು. ಸುಮಾರು ಎರಡು ಕೋಟಿ ದಾಖಲೆಗಳು ಅದರೊಳಗೆ ಹೋದವು. 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದವು. ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಗೊಳಿಸಲಾಯಿತು. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದ ರೈತ ತನ್ನ ತಾಲ್ಲೂಕು ಕಚೇರಿಯಲ್ಲೇ 15 ರೂಪಾಯಿ ಕೊಟ್ಟು ಅಚ್ಚಾದ ಪಹಣಿ ಪಡೆಯುವಂತಾಯಿತು. ಆಗ ಬಳ್ಳಾರಿ ತಾಲ್ಲೂಕಿಗೆ ಸೇರಿದ್ದ ಕುರುಗೋಡಿನವರು ಇದಕ್ಕೆ ಬಳ್ಳಾರಿಗೆ ಬರಬೇಕಿತ್ತು. ಮುಂದೆ ಕುರುಗೋಡು ತಾನೇ ತಾಲ್ಲೂಕು ಕೇಂದ್ರವಾಯಿತು.

ಗುಲ್ಬರ್ಗದ ಪ್ರಯೋಗಕ್ಕೂ ‘ಭೂಮಿ’ಗೂ ನಡುವೆ ಸುಮಾರು ಹತ್ತು ವರ್ಷ ಕಳೆದಿತ್ತು. ಅಷ್ಟರಲ್ಲಿ ಕಂಪ್ಯೂಟರುಗಳು ಅಗ್ಗವೂ ಆಗಿದ್ದವು, ಚುರುಕೂ ಆಗಿದ್ದವು ಎಂಬುದು ನಿಜವೇ. ಆದರೆ ಗೆಲುವು ತಂದದ್ದು ಅದೊಂದೇ ಅಲ್ಲ. ಕೆಲಸ ಎಲ್ಲಿ ನಡೆಯುತ್ತದೆ, ಯಾರು ಮಾಡುತ್ತಾರೆ, ಕೈಬರಹ ಯಾವಾಗ ನಿಲ್ಲುತ್ತದೆ ಎಂದು ಮೊದಲು ಗೊತ್ತು ಮಾಡಿಕೊಂಡು ಯಂತ್ರ ತಂದದ್ದು ಗೆಲುವಿನ ಗುಟ್ಟು.

ಮೊಳೆಯಿಂದ ಪರದೆಗೆ

ಅಚ್ಚುಕೂಟಗಳ ಕಥೆಯೂ ಇದನ್ನೇ ಹೇಳುತ್ತದೆ. ಒಂದೊಂದೇ ಸೀಸದ ಮೊಳೆ ಜೋಡಿಸಿ ಟ್ರೆಡಲ್ ಯಂತ್ರದಲ್ಲಿ ಒತ್ತುತ್ತಿದ್ದ ಮುದ್ರಕರಿಗೆ 1990ರ ದಶಕದಲ್ಲಿ ಡಿಟಿಪಿ ಎದುರಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಕನ್ನಡ ಒತ್ತುವುದು ಸುಲಭವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು.

ಆದರೆ ಒಂದು ತೊಡಕಿತ್ತು. ಒಂದು ತಂತ್ರಾಂಶದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಎಲ್ಲರಿಗೂ ಒಂದೇ ಸಂಕೇತ ಕೊಡುವ ‘ಯೂನಿಕೋಡ್’ 1991ರಲ್ಲೇ ಕನ್ನಡವನ್ನು ಸೇರಿಸಿಕೊಂಡಿತ್ತು. ಅದು ವಿಂಡೋಸ್‌ನಲ್ಲಿ ಬಳಕೆಗೆ ಬಂದದ್ದು 2001ರಲ್ಲಿ, ‘ವಿಂಡೋಸ್ ಎಕ್ಸ್‌ಪಿ’ಯೊಂದಿಗೆ. ಮುದ್ರಕರ ನಚ್ಚಿನ ‘ಪೇಜ್‌ಮೇಕರ್’ಗೆ ಮಾತ್ರ ಯೂನಿಕೋಡ್ ಕನ್ನಡ ಕಡೆಗೂ ಒಗ್ಗಲಿಲ್ಲ. ಎಲ್ಲ ಸರಿಹೋಗಲಿ, ಆಮೇಲೆ ಕೊಳ್ಳೋಣ ಎಂದು ಮುದ್ರಕ ಕಾದಿದ್ದರೆ ಹತ್ತು ವರ್ಷ ಮೊಳೆ ಜೋಡಿಸುತ್ತಲೇ ಇರಬೇಕಿತ್ತು. ಗಿರಾಕಿಗಳು ಪಕ್ಕದ ಅಂಗಡಿಗೆ ನಡೆದಿರುತ್ತಿದ್ದರು. ಮೊದಲೇ ಕೊಂಡವರಿಗೂ ಪೂರ್ತಿ ಸುಖವಿಲ್ಲ. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸ ಅವರ ಬೆನ್ನಿಗೆ ಬಿತ್ತು. ಆದರೆ ಆ ವರ್ಷಗಳ ಕೆಲಸವೂ ಗಳಿಕೆಯೂ ಅವರದಾಯಿತು.

ಇಂದಿನ ಲೆಕ್ಕ

ಹಾಗಾದರೆ ಇಂದು ಕೊಳ್ಳಬೇಕಾದವರು ಏನು ಮಾಡಬೇಕು? ‘ಬೆಲೆ ಇಳಿಯುತ್ತದೆಯೇ?’ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕೈಯಲ್ಲಿಲ್ಲ. ‘ಈಗಿನ ಯಂತ್ರದಿಂದ ದಿನಕ್ಕೆ ಎಷ್ಟು ಕಳೆದುಕೊಳ್ಳುತ್ತಿದ್ದೇನೆ?’ ಎಂಬ ಪ್ರಶ್ನೆಗೆ ಉತ್ತರ ನಮ್ಮ ಲೆಕ್ಕದ ಪುಸ್ತಕದಲ್ಲೇ ಇದೆ.

ಒಂದು ಉದಾಹರಣೆ ನೋಡೋಣ. 80 ಸಾವಿರ ರೂಪಾಯಿಯ ಯಂತ್ರ ಆರು ತಿಂಗಳು ಕಾದರೆ 8 ಸಾವಿರ ಅಗ್ಗವಾಗುತ್ತದೆ ಎಂದಿಟ್ಟುಕೊಳ್ಳಿ. ಆರು ತಿಂಗಳಲ್ಲಿ ಕೆಲಸದ ದಿನಗಳು ಸುಮಾರು 150. ಅಂದರೆ ಕಾಯುವುದರಿಂದ ಉಳಿಯುವುದು ದಿನಕ್ಕೆ 53 ರೂಪಾಯಿ. ಹಳೆಯ ಯಂತ್ರ ತಡೆದು ನಿಂತದ್ದರಿಂದ ದಿನಕ್ಕೆ ಇದಕ್ಕಿಂತ ಹೆಚ್ಚಿನ ಕೆಲಸ ತಪ್ಪುತ್ತಿದ್ದರೆ ಕಾಯುವುದು ನಷ್ಟ. ಏನೂ ತಪ್ಪುತ್ತಿಲ್ಲವಾದರೆ ಕೊಳ್ಳುವುದೇ ನಷ್ಟ. ಮದುವೆ ಹಂಗಾಮು ಎದುರಿಗಿರುವ ಮುದ್ರಕನಿಗೂ, ಈಗಷ್ಟೇ ಕಲಿಯುತ್ತಿರುವ ವಿದ್ಯಾರ್ಥಿಗೂ ಉತ್ತರ ಒಂದೇ ಆಗಿರಬೇಕಿಲ್ಲ.

ಕಾಯಬಲ್ಲವರಿಗೆ ಸ್ವಲ್ಪ ಅವಕಾಶವೂ ಇದೆ. ಹೆಸರು ನೋಂದಾಯಿಸಿದ ‘ವಿಂಡೋಸ್ 10’ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಪರಿಷ್ಕರಣೆ ಕೊಡುವ ಏರ್ಪಾಟನ್ನು ಕಂಪನಿ ಮಾಡಿತು. ಹಾರ್ಡ್ ಡಿಸ್ಕ್ ತೆಗೆದು ‘ಎಸ್‌ಎಸ್‌ಡಿ’ ಹಾಕಿಸಿದರೆ ಎಷ್ಟೋ ಹಳೆಯ ಯಂತ್ರಗಳು ಮತ್ತೆ ಚುರುಕಾಗುತ್ತವೆ. ಹಳೆಯ ಪೇಜ್‌ಮೇಕರ್ ಕಡತಗಳಿದ್ದವರು ಹೊಸ ಯಂತ್ರ ತರುವ ಮೊದಲೇ ಅವು ಅಲ್ಲಿ ತೆರೆಯುತ್ತವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಈಗಲೇ ಕೊಳ್ಳಬೇಕಾದವರು ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಕಿಲ್ಲ. ಡೆಸ್ಕ್‌ಟಾಪಿನ ಅನುಕೂಲವೇ ಅದು. ಮದರ್‌ಬೋರ್ಡ್ ಮತ್ತು ವಿದ್ಯುತ್ ಪೂರೈಸುವ ಪೆಟ್ಟಿಗೆ ಒಳ್ಳೆಯದಿರಲಿ. ಮೆಮೊರಿ ಇಂದಿನ ಕೆಲಸಕ್ಕೆ ಸಾಕಾಗುವಷ್ಟಿದ್ದು ಉಳಿದ ಸ್ಲಾಟು ಖಾಲಿಯಿರಲಿ; ಬೆಲೆ ಇಳಿದಾಗ ತುಂಬಿಕೊಳ್ಳಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳ ಸೆಖೆಗೂ ಧೂಳಿಗೂ ಗಾಳಿಯಾಡುವ ಪೆಟ್ಟಿಗೆ ಬೇಕು, ಕರೆಂಟು ಹೋದಾಗ ಕೆಲಸ ಉಳಿಸಲು ಯುಪಿಎಸ್ ಬೇಕು. ಸಿರುಗುಪ್ಪದವರು ರಿಪೇರಿಗೆಂದು ಯಂತ್ರ ಹೊತ್ತು ಬಳ್ಳಾರಿಗೆ ಬಂದರೆ ಒಂದು ದಿನದ ದುಡಿಮೆ ಹೋದಂತೆ. ಬಿಡಿಭಾಗ ಹತ್ತಿರದಲ್ಲಿ ಸಿಗುವ ಮಾದರಿ ಕೊಳ್ಳುವುದು ಅವರಿಗೆ ಲೇಸು.

ಇನ್ನೂ ಉತ್ತಮವಾದ ಯಂತ್ರ ಮುಂದಿನ ವರ್ಷ ಬಂದೇ ಬರುತ್ತದೆ. 1981ರಿಂದ ಈ ಮಾತು ಒಂದು ವರ್ಷವೂ ಸುಳ್ಳಾಗಿಲ್ಲ. ಆದ್ದರಿಂದಲೇ ಅದನ್ನು ನಂಬಿ ಕಾಯುವವರ ಕಾಯುವಿಕೆಗೆ ಕೊನೆಯೂ ಇರುವುದಿಲ್ಲ. ಮೇಜಿನ ಮೇಲೆ ಕೆಲಸ ಬಂದು ಕೂತಿದ್ದರೆ ಕೊಳ್ಳುವ ಕಾಲ ಬಂದಿದೆ ಎಂದರ್ಥ. ಕೆಲಸ ಇನ್ನೂ ಬಂದಿಲ್ಲವಾದರೆ ಹಣ ಬ್ಯಾಂಕಿನಲ್ಲಿರಲಿ.